12 ವರ್ಷದ ಪಾಮ್ (ಪೊಮೆರೇನಿಯನ್) ನಾಯಿ, ದಿನಾ ಹಾಸಿಗೆ ಒದ್ದೆ. ಜಾರದೇ ನಿಲ್ಲೋ ಡೈಪರ್ ಯಾವುದು?

ತುಂಗಾತೀರ (ತೀರ್ಥಹಳ್ಳಿ)
ದಯವಿಟ್ಟು ಯಾರಾದರೂ ಹೇಳಿ. ನಮ್ಮ ಪುಟ್ಟಿಗೆ 12 ವರ್ಷ, ಪಾಮ್. ಮೂರು ವಾರದಿಂದ ಮಲಗಿದಲ್ಲೇ ಉಚ್ಚೆ ಹೋಗ್ತಿದೆ. ಬೆಳಗ್ಗೆ ಎದ್ದರೆ ಗೋಣಿ, ಅದರ ಮೇಲಿನ ಹಳೇ ಸೀರೆ, ಕೆಳಗಿನ ಚಾಪೆ ಎಲ್ಲ ತೊಯ್ದು ತೊಪ್ಪೆ. ಮಳೆಗಾಲ ಬೇರೆ, ಒಣಗಿಸೋಕೆ ಜಾಗ ಇಲ್ಲ. ಡಾಕ್ಟರಿಗೆ ತೋರಿಸಿಯಾಯ್ತು, ಇನ್ಫೆಕ್ಷನ್ ಅಂತ ಐದು ದಿನ ಇಂಜೆಕ್ಷನ್ ಕೊಟ್ಟರು, ಏನೂ ಬದಲಾಗಲಿಲ್ಲ. ಸಂಜೆ ಆರರ ಮೇಲೆ ನೀರಿಡೋದು ನಿಲ್ಲಿಸಿದೆ. ಅದು ಬಚ್ಚಲಿಗೆ ಹೋಗಿ ನೆಲ ನೆಕ್ಕುತ್ತೆ. ಎರಡು ಥರದ ಡೈಪರ್ ತಂದೆ, ಎರಡೂ ಸೊಂಟದಿಂದ ಜಾರಿ ಹಿಂಗಾಲಿಗೆ ಸಿಕ್ಕಿಕೊಳ್ಳುತ್ತೆ. ಅತ್ತೆಯವರು ಕೊಟ್ಟಿಗೆಯಲ್ಲಿ ಕಟ್ಟು ಅಂತಾರೆ. ಇಷ್ಟು ವರ್ಷ ನಮ್ಮ ಮಂಚದ ಕೆಳಗೇ ಮಲಗಿದ ಜೀವ ಅದು, ನನ್ನಿಂದ ಆಗಲ್ಲ. ಸಣ್ಣ ನಾಯಿಗೆ ನಿಲ್ಲೋ ಡೈಪರ್ ಯಾವುದು, ಅಷ್ಟು ಹೇಳಿ ಸಾಕು.

ಲ್ಯಾಬ್ ಮನೆ (ಬೆಂಗಳೂರು)
ಮೇಡಂ, ಡೈಪರ್ ಆಮೇಲೆ. ಮಕ್ಕಳಾಗದ ಹಾಗೆ ಆಪರೇಷನ್ ಆಗಿರೋ ಹೆಣ್ಣು ತಾನೆ? ಹಾಗಿದ್ದರೆ ಇದು ಹಾರ್ಮೋನ್ ಸೋರಿಕೆ. ಗರ್ಭಕೋಶ, ಅಂಡಾಶಯ ತೆಗೆದ ಮೇಲೆ ಈಸ್ಟ್ರೋಜನ್ ಇಳಿಯುತ್ತೆ, ಮೂತ್ರನಾಳದ ಬಿಗಿ ಸಡಿಲ ಆಗುತ್ತೆ. ಎಚ್ಚರ ಇದ್ದಾಗ ತಡ್ಕೊಳ್ಳುತ್ತೆ, ನಿದ್ದೆಯಲ್ಲಿ ಸೋರುತ್ತೆ. ನಮ್ಮ ಲ್ಯಾಬ್ರಡಾರ್‌ಗೆ ಇದೇ ಆಗಿತ್ತು. ಪಿಪಿಎ, ಅಂದರೆ ಫಿನೈಲ್‌ಪ್ರೊಪನೋಲಮೈನ್ ಕೊಟ್ಟ ಒಂದೇ ವಾರಕ್ಕೆ ಒಣಗಿತು.

ಕಡಲ ಬದಿ (ಮಂಗಳೂರು)
ಡೈಪರ್ ಪ್ರಶ್ನೆಗೆ ಉತ್ತರ ನನ್ನ ಹತ್ರ ಉಂಟು. ನಾಯಿಯದ್ದು ಅಂತ ಮಾರುವುದು ಬೇಡ. ಚಿಕ್ಕ ಮಕ್ಕಳ ಅಂಟಿಸುವ ಡೈಪರ್ ತೆಗೆದುಕೊಳ್ಳಿ, ಹಿಂದುಮುಂದು ಮಾಡಿ, ಅಂಟು ಬೆನ್ನ ಮೇಲೆ ಬರುವ ಹಾಗೆ. ಬಾಲಕ್ಕೆ ತೂತು ಕತ್ತರಿಸಿ, ತೂತಿನ ಅಂಚಿಗೆ ಟೇಪ್ ಹಾಕಿ. ಇಲ್ಲದಿದ್ದರೆ ಒಳಗಿನ ಜೆಲ್ಲು ಹೊರಗೆ ಬಂದು ನಾಯಿ ನೆಕ್ಕುತ್ತದೆ. ಮೇಲಿಂದ ಮಗುವಿನ ತೊಡೆ ಸಂದಿಯಲ್ಲಿ ಗುಂಡಿ ಹಾಕುವ ಅಂಗಿ ತೊಡಿಸಿ. ಹೆಗಲಿಂದ ಹಿಡಿದಿಡುವ ಕಾರಣ ಜಾರುವುದಿಲ್ಲ. ಪಾಮ್‌ಗೆ ರೋಮ ಜಾಸ್ತಿ, ಅಂಟು ರೋಮಕ್ಕೆ ಹಿಡಿಯದ ಹಾಗೆ ನೋಡಿ.

ಹುಬ್ಬಳ್ಳಿ ಮಂದಿ
ಅಕ್ಕಾರ, ಮೊದಲ ನೀರ ಬಂದ್ ಮಾಡೂದ ಬಿಡ್ರಿ. ಮುದಿ ನಾಯಿ, ಕಿಡ್ನಿ ಹೆಂಗದಾವೋ ಏನೋ. ನೀರ ತಡದ್ರ ಎರಡ ದಿನದಾಗ ಸೊರಗತದ. ದಿನಕ್ಕ ಎಷ್ಟ ಕುಡಿತದ? ತೂಕ ಎಷ್ಟ? ಒದ್ದಿ ಆಗೂದು ಅಂಗೈಯಷ್ಟ ಕಲಿಯೋ, ಹೊಂಡನೋ?

ಲ್ಯಾಬ್ ಮನೆ
ರಾತ್ರಿ ಮಾತ್ರ ನೀರು ನಿಲ್ಲಿಸಿದರೆ ಏನೂ ಆಗಲ್ಲ ಸರ್. ನಾವೂ ಹಾಗೇ ಮಾಡಿದ್ದು.

ಹುಬ್ಬಳ್ಳಿ ಮಂದಿ
ನಿಮ್ಮ ನಾಯಿ ಬಚ್ಚಲ ನೆಲಾ ನೆಕ್ಕತಿತ್ತೇನ್ರಿ? ಇದು ನೆಕ್ಕಾಕತ್ತೈತಿ. ಅದಕ್ಕ ನೀರಡಿಕಿ ಐತಿ ಅಂತನ ಅರ್ಥ.

ತುಂಗಾತೀರ
ಆಪರೇಷನ್ ಏಳು ವರ್ಷದ ಹಿಂದೆಯೇ ಆಗಿದೆ. ತೂಕ 5.8 ಕೆಜಿ. ನೀರು ಅಳೆದಿಲ್ಲ, ಬಟ್ಟಲು ಖಾಲಿಯಾದಾಗ ತುಂಬಿಸ್ತೀನಿ. ಕಡಲ ಬದಿ ಅವರೇ, ಅಂಗಿ ಉಪಾಯ ನಿನ್ನೆ ರಾತ್ರಿ ಮಾಡಿದೆ, ಜಾರಲಿಲ್ಲ, ನಿಮಗೆ ಪುಣ್ಯ ಬರಲಿ. ಆದರೆ ಎರಡು ಗಂಟೆಗೇ ತುಂಬಿ ಒಡೆದ ಹಾಗೆ ಸೋರಿತು. ಲ್ಯಾಬ್ ಮನೆ ಸರ್, ಆ ಮಾತ್ರೆ ನಮ್ಮೂರಿನ ಮೆಡಿಕಲ್‌ನಲ್ಲಿ ಇಲ್ಲ. ಶೀತದ ಮಾತ್ರೆಯಲ್ಲಿ ಇರುತ್ತೆ ಅಂತ ಅಂಗಡಿಯವರು ಹೇಳಿದರು, ತರಲಾ?

ಪಶುಸೇವಕ
ತರಬೇಡಿ! ಶೀತದ ಮಾತ್ರೆಗಳಲ್ಲಿ ಪಿಪಿಎ ಇದ್ದದ್ದು ಹಿಂದೆ. ಮನುಷ್ಯರ ಔಷಧದಲ್ಲಿ ಅದನ್ನು 2011ರಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. ಈಗ ಸಿಗೋ ಶೀತದ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಮತ್ತೆ ಏನೇನೋ ಇರುತ್ತೆ, ಆರು ಕೆಜಿ ನಾಯಿಗೆ ಅಳತೆ ತಪ್ಪಿದರೆ ಜೀವಕ್ಕೇ ಬರುತ್ತೆ. ನಿಜವಾದ ಪಿಪಿಎ ಸಿಕ್ಕರೂ ಅದು ರಕ್ತದೊತ್ತಡ ಏರಿಸುತ್ತೆ. ಹೃದಯ, ಕಿಡ್ನಿ ನೋಡದೆ 12 ವರ್ಷದ ನಾಯಿಗೆ ಯಾರೂ ಕೊಡಬಾರದು.

ಲ್ಯಾಬ್ ಮನೆ
ನಾನು ಶೀತದ ಮಾತ್ರೆ ಕೊಡಿ ಅಂದಿಲ್ಲ, ಡಾಕ್ಟರ್ ಹತ್ರ ಬರೆಸಿಕೊಳ್ಳಲಿ ಅಂತಲೇ ನನ್ನ ಮಾತಿನ ಅರ್ಥ. ಆಪರೇಷನ್ ಆಗಿದೆ, ಹೆಣ್ಣು, ನಿದ್ದೆಯಲ್ಲಿ ಸೋರುತ್ತೆ. ಇದಕ್ಕಿಂತ ಸ್ಪಷ್ಟ ಬೇಕಾ?

ಪಶುಸೇವಕ
ಆ ಸೋರಿಕೆ 20 ಕೆಜಿ ಮೇಲಿನ ನಾಯಿಗಳಲ್ಲೇ ಹೆಚ್ಚು. ಸಣ್ಣದಕ್ಕೂ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಅದರಲ್ಲಿ ಸಾಮಾನ್ಯವಾಗಿ ಹಾಸಿಗೆ ಮೇಲೆ ಕಲೆ ಆಗುತ್ತೆ, ಮಗುವಿನ ಡೈಪರ್ ಹೀಗೆ ತುಂಬಿ ಒಡೆದರೆ ಬೇರೆ ಕಾರಣವನ್ನೂ ನೋಡಬೇಕು.

ಅಜ್ಜನ ತೋಟ (ಹಾಸನ)
ನಮ್ಮಲ್ಲಿ 14 ವರ್ಷದ ನಾಯಿಗೆ ನಾನೇ ಮಂಚ ಮಾಡಿದ್ದೇನೆ. ಪಿವಿಸಿ ಪೈಪಿನ ಚೌಕಟ್ಟು, ನೆಲದಿಂದ ನಾಲ್ಕು ಇಂಚು ಎತ್ತರ, ಮೇಲೆ ತೋಟದ ನೆರಳು ಬಲೆ ಎರಡು ಪದರ ಬಿಗಿದು, ಕೆಳಗೆ ಟ್ರೇ. ಉಚ್ಚೆ ಕೆಳಗಿಳಿಯುತ್ತೆ, ನಾಯಿ ಒಣಗಿರುತ್ತೆ. ಬೆಳಗ್ಗೆ ಟ್ರೇ ಚೆಲ್ಲಿ ತೊಳೆದರೆ ಆಯಿತು. ಆರು ತಿಂಗಳಲ್ಲಿ ಒಂದೇ ಒಂದು ಹುಣ್ಣಿಲ್ಲ. ಈಗ ಟ್ರೇಗೆ ಇಳಿಜಾರು ಕೊಟ್ಟು ಪೈಪಿನಲ್ಲಿ ಅಂಗಳಕ್ಕೇ ಬಿಡೋ ಯೋಚನೆ ಇದೆ.

ಕಡಲ ಬದಿ
ಬಲೆಯ ಮೇಲೆ ಮೂಳೆ ಒತ್ತುವುದಿಲ್ಲವಾ? ನಾವು ಬಾಣಂತಿ ಕೋಣೆಯ ರಬ್ಬರ್ ಶೀಟು, ಅದರ ಮೇಲೆ ಹಳೇ ಪಂಚೆ ನಾಲ್ಕು ಮಡಿಕೆ. ದಿನಕ್ಕೆ ಮೂರು ಬದಲಿ. ಬಟ್ಟೆಯ ಹಾಗೆ ಯಾವುದೂ ಇಲ್ಲ.

ಅಜ್ಜನ ತೋಟ
ಬಟ್ಟೆ ಒದ್ದೆಯನ್ನು ಮೈಗೆ ಹಿಡಿದಿಡುತ್ತೆ. ಅದೇ ಹುಣ್ಣಿಗೆ ಮೂಲ. ಬಲೆ ಬಿಗಿಯಾಗಿದ್ದರೆ ಒತ್ತಲ್ಲ, ಮಾಡಿ ನೋಡಿ ಆಮೇಲೆ ಹೇಳಿ.

ಹುಬ್ಬಳ್ಳಿ ಮಂದಿ
ಮಂಚ ಆಮ್ಯಾಲ ಮಾಡೋಣ್ರಿ. ಅಕ್ಕಾರ, ನಾಳೆ ಮುಂಜಾನೆ ಲೀಟರ್ ಬಾಟಲಿ ತುಂಬಿ ಇಡ್ರಿ, ಬಟ್ಟಲಿಗೆ ಅದರಿಂದಷ್ಟ ಹಾಕ್ರಿ, ಬಚ್ಚಲ ಬಾಗಲಾ ಹಾಕ್ರಿ. ಮರುದಿನ ಅದ ಹೊತ್ತಿಗೆ ಉಳದದ್ದ ಕಳೀರಿ. ನಾಯಿ ಕೆಜಿಗೆ ದಿನಕ್ಕ 50–60 ಮಿ.ಲೀ. ಕುಡದ್ರ ಸರಿ. 100 ದಾಟಿದ್ರ ರೋಗ ಬ್ಯಾರೆ ಕಡೆ ಐತಿ.

ತುಂಗಾತೀರ
ಅಳೆದೆ. 870 ಮಿ.ಲೀ. ಎರಡು ಸಲ ಗಂಜಿ ಕುಡಿದದ್ದು ಇದರಲ್ಲಿ ಸೇರಿಲ್ಲ. ಉಚ್ಚೆ ಬಿಳಿ ನೀರಿನ ಹಾಗಿದೆ, ವಾಸನೆಯೇ ಇಲ್ಲ. ಇದನ್ನ ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ವಯಸ್ಸಾದ್ದಕ್ಕೆ ಹೀಗೆ ಅಂದುಕೊಂಡಿದ್ದೆ.

ಪಶುಸೇವಕ
ಕೆಜಿಗೆ 150. ಪುಟ್ಟಿಯ ಮೂತ್ರನಾಳ ಸಡಿಲವಾಗಿಲ್ಲ ಅನಿಸುತ್ತೆ. ಮೂತ್ರಚೀಲ ಹಿಡಿಯೋದಕ್ಕಿಂತ ಹೆಚ್ಚು ಉಚ್ಚೆ ಉತ್ಪತ್ತಿ ಆಗ್ತಿದೆ, ರಾತ್ರಿ ಬಾಗಿಲು ಹಾಕಿರುತ್ತೀರಿ, ಅದು ಎಲ್ಲಿಗೆ ಹೋಗಬೇಕು? ಸಕ್ಕರೆ ಕಾಯಿಲೆ, ಕಿಡ್ನಿ, ಕುಶಿಂಗ್ (ಮೈಯಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಹೆಚ್ಚಾಗೋ ಕಾಯಿಲೆ) ಮೂರನ್ನೂ ನೋಡಬೇಕು. ಹೊಟ್ಟೆ ಜೋತುಬಿದ್ದಿದೆಯಾ, ರೋಮ ತೆಳ್ಳಗಾಗಿದೆಯಾ? ಬೇರೆ ಏನಾದರೂ ಔಷಧಿ ನಡೀತಿದೆಯಾ?

ತುಂಗಾತೀರ
ಔಷಧಿ ಏನೂ ಇಲ್ಲ, ತುರಿಕೆ ಮಾತ್ರೆ ಬಿಟ್ಟರೆ. ಹೌದು, ಹೊಟ್ಟೆ ಸ್ವಲ್ಪ ಜೋತಿದೆ, ತಿನ್ನೋಕೂ ಆತುರ ಜಾಸ್ತಿ.

ಪಶುಸೇವಕ
ತುರಿಕೆ ಮಾತ್ರೆಯ ಹೆಸರು?

ತುಂಗಾತೀರ
ಪ್ರೆಡ್ನಿಸೊಲೋನ್ 10 ಮಿ.ಗ್ರಾಂ, ದಿನಕ್ಕೊಂದು. ಡಾಕ್ಟರ್ ಏಳು ದಿನಕ್ಕೆ ಬರೆದಿದ್ದರು. ನಿಲ್ಲಿಸಿದ ಕೂಡಲೇ ಮತ್ತೆ ಕೆರೆದುಕೊಂಡು ರಕ್ತ ಬರಿಸಿಕೊಂಡಿತು, ಅದಕ್ಕೇ ಹಳೇ ಚೀಟಿ ತೋರಿಸಿ ತರ್ತಿದ್ದೆ. ಎರಡು ತಿಂಗಳಾಯ್ತು. ಇಂಜೆಕ್ಷನ್ ಕೊಟ್ಟ ಡಾಕ್ಟರಿಗೆ ಇದನ್ನ ಹೇಳಲಿಲ್ಲ, ಚರ್ಮದ್ದಲ್ವಾ ಅಂತ.

ಪಶುಸೇವಕ
ಅದು ಸ್ಟೀರಾಯ್ಡ್. ಬಾಯಾರಿಕೆ, ಹಸಿವು, ಉಚ್ಚೆ, ಜೋತ ಹೊಟ್ಟೆ ಎಲ್ಲವೂ ಅದರಿಂದ ಬರುತ್ತೆ. ಗಾಬರಿಯಲ್ಲಿ ಇವತ್ತೇ ನಿಲ್ಲಿಸಬೇಡಿ. ಎರಡು ತಿಂಗಳು ಹೊರಗಿಂದ ಕೊಟ್ಟಾಗ, ಮೈಯಲ್ಲೇ ಸ್ಟೀರಾಯ್ಡ್ ತಯಾರಿಸೋ ಅದರ ಸ್ವಂತ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತೆ. ತಟ್ಟನೆ ನಿಲ್ಲಿಸಿದರೆ ವಾಂತಿ, ಸುಸ್ತು ಬಂದು ನಾಯಿ ಕುಸಿದು ಬೀಳಬಹುದು. ಡಾಕ್ಟರೇ ಹಂತಹಂತವಾಗಿ ಇಳಿಸಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋಗಿ, ಮಾತ್ರೆಯ ಹಾಳೆ ಜೊತೆಗಿರಲಿ. ಮೂತ್ರದ ಸಾಂದ್ರತೆ, ಸಕ್ಕರೆ, ಕಿಡ್ನಿ ನೋಡಲು ಹೇಳಿ, ಮೂತ್ರದ ಕಲ್ಚರನ್ನೂ (ಇನ್ಫೆಕ್ಷನ್ನಿನ ರೋಗಾಣು ಬೆಳೆಸಿ ನೋಡೋ ಪರೀಕ್ಷೆ) ಕೇಳಿ. ಸ್ಟೀರಾಯ್ಡ್ ಇನ್ಫೆಕ್ಷನ್ನಿನ ಉರಿಯನ್ನು ಮುಚ್ಚಿಡುತ್ತೆ, ಇದ್ದರೂ ಕಾಣಲ್ಲ. ಬೆಳಗಿನ ಮೊದಲ ಉಚ್ಚೆ ಹಿಡಿಯೋಕೆ ಉದ್ದ ಹಿಡಿಯ ಸೌಟು ಬಿಸಿನೀರಲ್ಲಿ ತೊಳೆದು ಒಣಗಿಸಿಟ್ಟುಕೊಳ್ಳಿ, ಹಿಂದಿನಿಂದ ಮೆಲ್ಲಗೆ ಒಡ್ಡಿ. ಕಲ್ಚರಿಗೆ ಮಾತ್ರ ಅಲ್ಲೇ ಸೂಜಿಯಲ್ಲಿ ತೆಗೀತಾರೆ.

ಲ್ಯಾಬ್ ಮನೆ
ಒಪ್ಪಿದೆ, ಇದು ನನಗೆ ಹೊಳೆಯಲಿಲ್ಲ. ಆದರೂ ಸೋರಿಕೆಯೂ ಜೊತೆಗಿರಬಹುದು. ಎರಡೂ ಒಟ್ಟಿಗೆ ಇರಬಾರದು ಅಂತ ಇಲ್ಲವಲ್ಲ.

ಗುಂಡನ ಅಪ್ಪ (ಮೈಸೂರು)
ನಡುವೆ ಬಂದೆ, ಬೇಜಾರಾಗಬೇಡಿ. ನಮ್ಮ ಡ್ಯಾಶಂಡ್‌ಗೆ 9 ವರ್ಷ, ಗಂಡು. ನಿನ್ನೆಯಿಂದ ಹನಿಹನಿ ಸೋರ್ತಿದೆ, ಹಿಂಗಾಲು ಓಲಾಡುತ್ತೆ. ಇದಕ್ಕೂ ಡೈಪರ್ ಸಾಕಾ?

ಪಶುಸೇವಕ
ಇದು ಡೈಪರ್ ವಿಷಯ ಅಲ್ಲ ಸರ್. ಡ್ಯಾಶಂಡ್‌ಗಳಿಗೆ ಬೆನ್ನುಮೂಳೆಯ ಡಿಸ್ಕ್ ಜಾರೋದು ಸಾಮಾನ್ಯ. ಚೀಲ ತುಂಬಿ ತಾನಾಗಿ ಉಕ್ಕುತ್ತಿರಬಹುದು. ಮೆಟ್ಟಿಲು ಹತ್ತಿಸಬೇಡಿ, ಹಲಗೆ ಮೇಲೆ ಮಲಗಿಸಿ ಈಗಲೇ ಹೊರಡಿ. ಗಂಟೆಗಳ ಲೆಕ್ಕ ಇದು.

ತುಂಗಾತೀರ
ಶಿವಮೊಗ್ಗಕ್ಕೆ ಹೋಗಿ ಬಂದೆವು. ಸಾಂದ್ರತೆ 1.006, ತೀರಾ ತೆಳು. ಸಕ್ಕರೆ ಇಲ್ಲ, ಕಿಡ್ನಿ ಪರವಾಗಿಲ್ಲ. ಕಲ್ಚರ್ ಕಳಿಸಿದ್ದಾರೆ. ಬಾಚಿದಾಗ ಬಾಲದ ಬುಡದಲ್ಲಿ ಚಿಗಟದ ಹಿಕ್ಕೆ ಸಿಕ್ಕಿತು, ತುರಿಕೆಗೆ ಅದೇ ಮೂಲ ಇರಬೇಕು ಅಂದರು. ಕುತ್ತಿಗೆ ಹಿಂದೆ ಚಿಗಟದ ಔಷಧಿ ಬಿಟ್ಟಿದ್ದಾರೆ. ಪ್ರೆಡ್ನಿಸೊಲೋನ್ ಮೊದಲ ವಾರ ಅರ್ಧ, ಆಮೇಲೆ ನೋಡಿ ಇಳಿಸೋದು. ತೊಡೆ ಸಂದಿ ಕೆಂಪಾಗಿತ್ತು, ರೋಮ ಕತ್ತರಿಸಿ, ಉಗುರುಬೆಚ್ಚನೆ ನೀರಲ್ಲಿ ತೊಳೆದು ಒರೆಸಿ ತೆಳ್ಳಗೆ ವ್ಯಾಸಲೀನ್ ಹಚ್ಚೋಕೆ ಹೇಳಿದ್ದಾರೆ. ಮಕ್ಕಳ ಡೈಪರ್ ಕ್ರೀಮ್ ಬೇಡವಂತೆ, ಅದರಲ್ಲಿರೋ ಜಿಂಕ್ ನೆಕ್ಕಿದರೆ ವಿಷ.

ಹುಬ್ಬಳ್ಳಿ ಮಂದಿ
ಚಲೋ ಆತ್ರಿ. ನೀರ ಅಳಿಯೂದ ಬಿಡಬ್ಯಾಡ್ರಿ, ದಿನಾ ಬರದಿಡ್ರಿ.

ತುಂಗಾತೀರ
ಹತ್ತು ದಿನದ ಲೆಕ್ಕ: 870ರಿಂದ 520ಕ್ಕೆ ಇಳಿದಿದೆ. ರಾತ್ರಿ ಹನ್ನೊಂದಕ್ಕೆ, ಮೂರಕ್ಕೆ ನಾನೇ ಎದ್ದು ಅಂಗಳಕ್ಕೆ ಬಿಡ್ತೀನಿ. ಏಳು ರಾತ್ರಿ ಒಣಗಿತ್ತು, ಮೂರು ರಾತ್ರಿ ಒದ್ದೆ. ಆ ಮೂರರಲ್ಲೂ ಅಂಗೈಯಗಲ ಕಲೆ ಮಾತ್ರ.

ಲ್ಯಾಬ್ ಮನೆ
ಆ ಅಂಗೈಯಗಲದ್ದೇ ನಾನು ಹೇಳಿದ ಸೋರಿಕೆ ಮೇಡಂ.

ತುಂಗಾತೀರ
ಡಾಕ್ಟರಿಗೂ ಕೇಳಿದೆ ಸರ್. ಸ್ಟೀರಾಯ್ಡ್ ಪೂರ್ತಿ ನಿಂತು ಎರಡು ವಾರ ಆಗೋವರೆಗೆ ಅದನ್ನ ತೀರ್ಮಾನ ಮಾಡಲ್ಲ ಅಂದರು. ಕಲ್ಚರ್ ವರದಿ ಗುರುವಾರ ಬರುತ್ತೆ. ಅಲ್ಲಿಯವರೆಗೆ ಪುಟ್ಟಿ ಮಂಚದ ಕೆಳಗೇ ಇದೆ. ಅಜ್ಜನ ತೋಟದವರೇ, ಆ ಬಲೆ ಮಂಚದ ಅಳತೆ ಸ್ವಲ್ಪ ಕಳಿಸ್ತೀರಾ? ನಮ್ಮ ಮಂಚದ ಕೆಳಗೆ ಒಂಬತ್ತೇ ಇಂಚು ಜಾಗ ಇರೋದು.