ಹಳೆಯ ಮಿಯಾಟಾ, ಸಣ್ಣ ಬಜೆಟ್: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ (ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಸರ್, ನಮಸ್ಕಾರ. ಹೋದ ತಿಂಗಳು 1991ರ ಮಜ್ದಾ ಮಿಯಾಟಾ ಕೊಂಡೆ. 1.6 ಲೀಟರ್ ಎಂಜಿನ್, ಐದು ಗೇರ್, ಬಟ್ಟೆಯ ಛಾವಣಿ. 1,30,000 ಮೈಲಿ ಓಡಿದೆ. ಹಿಂದಿನ ಮಾಲೀಕರ ಬಳಿ ರಿಪೇರಿಯ ಒಂದು ರಸೀದಿಯೂ ಇರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್‌ನ ಮೇಲ್ಭಾಗದಲ್ಲಿ ಟಿಕ್ ಟಿಕ್ ಸದ್ದು ಬರುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ಮಳೆ ಬಂದರೆ ಸೀಟಿನ ಹಿಂದಿನ ಕಾರ್ಪೆಟ್ ಒದ್ದೆಯಾಗುತ್ತದೆ. ಕ್ಲಚ್ ಪೆಡಲ್ ಒಮ್ಮೊಮ್ಮೆ ತಳಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಈ ವರ್ಷಕ್ಕೆ 1,500 ಡಾಲರ್ ತೆಗೆದಿಟ್ಟಿದ್ದೇನೆ. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ), ಹೊಸ ಸೈಲೆನ್ಸರ್, 15 ಇಂಚಿನ ಚಕ್ರ ಹಾಕುವ ಆಸೆ. ಕೆಲಸವನ್ನು ಆದಷ್ಟೂ ಮನೆಯಲ್ಲಿ ನಾನೇ ಮಾಡಬೇಕೆಂದಿದ್ದೇನೆ. ಊರಿನಲ್ಲಿ ಬೈಕ್ ಬಿಚ್ಚಿ ಜೋಡಿಸಿ ಅಭ್ಯಾಸವಿದೆ, ಕಾರಿನ ಕೆಲಸ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಮೆಕ್ಯಾನಿಕ್, ಸ್ಯಾಕ್ರಮೆಂಟೊ)

ನಮಸ್ಕಾರ. ಮೊದಲು ಅಭಿನಂದನೆ. ಕಡಿಮೆ ದುಡ್ಡಿನಲ್ಲಿ ಮನೆಯಲ್ಲೇ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಸ್ಪೋರ್ಟ್ಸ್ ಕಾರು ನನಗೆ ಕಂಡಿಲ್ಲ. 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಹೊರಬಂದಾಗ ಇದರ ತೂಕ ಒಂದು ಟನ್ನಿಗಿಂತ ಕಡಿಮೆ, ಶಕ್ತಿ 116 ಅಶ್ವಶಕ್ತಿ. ಆ ಹಗುರವೇ ಇದರ ಬಂಡವಾಳ. ಆದ್ದರಿಂದ ನನ್ನ ಸಲಹೆ ನಿಮ್ಮ ಆಸೆಯ ಪಟ್ಟಿಗೆ ಎದುರಾಗಿದೆ: ಈ ವರ್ಷ ಹೊಸದೇನನ್ನೂ ಸೇರಿಸಬೇಡಿ. ಕಾರ್ಖಾನೆಯಿಂದ ಬಂದಾಗ ಈ ಕಾರು ಹೇಗೆ ನಿಲ್ಲುತ್ತಿತ್ತು, ಹೇಗೆ ತಿರುಗುತ್ತಿತ್ತು ಎಂಬುದನ್ನು ನೀವು ಇನ್ನೂ ಅನುಭವಿಸಿಲ್ಲ. ಅದನ್ನು ತಿಳಿಯದೆ ಹಾಕುವ ಕಾಯಿಲ್‌ಓವರ್ ಕಾರನ್ನು ಸುಧಾರಿಸಿತೋ ಕೆಡಿಸಿತೋ ನಿಮಗೆ ಹೇಗೆ ಗೊತ್ತಾಗಬೇಕು?

ಮೊದಲ ಖರ್ಚು ಜಾಕ್ ಸ್ಟ್ಯಾಂಡ್‌ಗಳದ್ದು (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಲೋಹದ ಕಾಲುಗಳು), ನಾಲ್ಕು ಬೇಕು. ಬರೀ ಜಾಕ್ ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು, ಎರಡು ನಿಮಿಷದ ಕೆಲಸಕ್ಕೂ ಹೋಗಬಾರದು. ಮುಂದೆ ಅಡ್ಡ ಚೌಕಟ್ಟಿನ ಮಧ್ಯಕ್ಕೆ, ಹಿಂದೆ ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗೆ ಜಾಕ್ ಕೊಟ್ಟು ಎತ್ತಿ. ಸ್ಟ್ಯಾಂಡ್ ಇಟ್ಟ ಮೇಲೆ ಕಾರನ್ನು ಕೈಯಿಂದ ಬಲವಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ. ಇದರ ಜೊತೆಗೆ ಒಂದು ಟಾರ್ಕ್ ವ್ರೆಂಚ್, ಅಂದರೆ ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್. ಚಕ್ರದ ನಟ್‌ಗಳನ್ನು 65ರಿಂದ 87 ಪೌಂಡ್-ಅಡಿ ಬಿಗಿಗೆ ಕೂರಿಸಬೇಕು. ಬೈಕಿನಲ್ಲಿ ಪಳಗಿದ ಕೈ ಅಂದಾಜಿನ ಮೇಲೆ ಬಿಗಿ ಮಾಡುತ್ತದೆ, ಇಲ್ಲಿ ಅಂದಾಜು ಬೇಡ.

ಕ್ಲಚ್ ವಿಷಯ ಸುಲಭ. ಪೆಡಲ್ ತಳಕ್ಕೆ ಕೂರುವುದಕ್ಕೆ ಹೆಚ್ಚಾಗಿ ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಭಾಗ) ಕಾರಣ. ಈ ಮಾದರಿಯಲ್ಲಿ ಅದು ಆಗಾಗ ಸೋರುವ ಭಾಗ. ರಬ್ಬರ್ ಮುಸುಕನ್ನು ಸರಿಸಿ ನೋಡಿ, ಒಳಗೆ ಒದ್ದೆಯಿದ್ದರೆ ಕಾರಣ ಅದೇ. ಬೆಲೆ ಕಡಿಮೆ, ಬಿಚ್ಚಲು ಎರಡು ಬೋಲ್ಟ್ ಮತ್ತು ಒಂದು ಪೈಪು. ಆ ರಬ್ಬರ್ ಪೈಪನ್ನೂ ಜೊತೆಗೇ ಬದಲಿಸಿ, ಕ್ಲಚ್ ಆಯಿಲ್‌ನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಟಿಕ್ ಟಿಕ್ ಸದ್ದು ಹೈಡ್ರಾಲಿಕ್ ಲಿಫ್ಟರ್‌ಗಳದ್ದು, ಅಂದರೆ ಆಯಿಲ್ ಒತ್ತಡದಿಂದ ವಾಲ್ವ್‌ಗಳ ಅಂತರ ಸರಿದೂಗಿಸುವ ಭಾಗಗಳದ್ದು. ಬಿಸಿಯಾದ ಮೇಲೆ ನಿಲ್ಲುತ್ತದೆ ಎಂದಿದ್ದೀರಿ, ಹಾಗಿದ್ದರೆ ಹೆದರುವ ಅಗತ್ಯವಿಲ್ಲ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಸ್ವಲ್ಪ ಓಡಿಸಿ, ಅವಧಿಗೆ ಮುನ್ನವೇ ಇನ್ನೊಮ್ಮೆ ಬದಲಿಸಿ. ಬಹಳಷ್ಟು ಕಾರುಗಳಲ್ಲಿ ಅಷ್ಟಕ್ಕೇ ಸದ್ದು ಇಳಿಯುತ್ತದೆ. ಈ ಎಂಜಿನ್‌ಗೆ ಫಿಲ್ಟರ್ ಸೇರಿ ಸುಮಾರು 3.6 ಲೀಟರ್ ಸಾಕು. ಫಿಲ್ಟರ್ ಎಂಜಿನ್ ಗಾಳಿ ಎಳೆಯುವ ಇನ್‌ಟೇಕ್ ಕೊಳವೆಗಳ ಕೆಳಗೆ ಅಡಗಿದೆ, ಮೊದಲ ಸಲ ಕೈ ಹೋಗುವುದೇ ಕಷ್ಟ, ತಾಳ್ಮೆಯಿರಲಿ. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರ್ ಮೀಟರ್ ನಿಮ್ಮ ಕಾರಿನಲ್ಲಿ ನಿಜವಾದ ಒತ್ತಡವನ್ನೇ ತೋರಿಸುತ್ತದೆ. 1995ರಿಂದ ಮಜ್ದಾ ಅದನ್ನು ಬರೀ ಸೂಚಕವಾಗಿ ಬದಲಿಸಿತು. ಅದರ ಮೇಲೆ ಕಣ್ಣಿಡುವ ಅಭ್ಯಾಸ ಮಾಡಿಕೊಳ್ಳಿ.

ಒದ್ದೆ ಕಾರ್ಪೆಟ್ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದ ವಿಷಯ. ಛಾವಣಿಯ ಮೇಲೆ ಬಿದ್ದ ನೀರು ಹಿಂದಿನ ಅಂಚಿಗೆ ಹರಿದು, ಸೀಟ್ ಬೆಲ್ಟ್ ಗೋಪುರಗಳ ಪಕ್ಕದ ಎರಡು ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೆ ಬರುತ್ತದೆ, ಬಾಗಿಲ ಕೆಳಗಿನ ಪಟ್ಟಿಯೊಳಗೂ ನಿಲ್ಲುತ್ತದೆ. ಅಲ್ಲಿ ಶುರುವಾದ ತುಕ್ಕು ಹೊರಗೆ ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ. ಎಂಜಿನ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ಬಾಡಿ ಕೊಳೆತರೆ ಕಾರೇ ಮುಗಿದಂತೆ. ಇವತ್ತೇ ಎರಡೂ ಕಡೆ ಒಂದೊಂದು ಲೋಟ ನೀರು ಹಾಕಿ, ಕಾರಿನ ಕೆಳಗೆ ಹರಿದು ಬರುತ್ತದೆಯೇ ನೋಡಿ. ಬರದಿದ್ದರೆ ಮೆತ್ತನೆಯ ಪ್ಲಾಸ್ಟಿಕ್ ದಾರದಿಂದ ನಿಧಾನವಾಗಿ ಬಿಡಿಸಿ. ಗಟ್ಟಿ ತಂತಿ ಹಾಕಿದರೆ ಕೊಳವೆ ಹರಿಯುತ್ತದೆ, ಇಲ್ಲವೇ ಜಾಗ ಬಿಟ್ಟು ಕಳಚುತ್ತದೆ. ಹಾಗೆಯೇ ಛಾವಣಿ ಮಡಚುವ ಮುನ್ನ ಹಿಂಬದಿಯ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ ಮಲಗಿಸಿ, ಇಲ್ಲದಿದ್ದರೆ ಮಡಿಕೆ ಬಿದ್ದು ಸೀಳುತ್ತದೆ.

ರಸೀದಿಯಿಲ್ಲದ ಕಾರಿನಲ್ಲಿ ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವ್‌ಗಳನ್ನು ಒಂದೇ ತಾಳಕ್ಕೆ ಓಡಿಸುವ ಪಟ್ಟಿ) ಹಳೆಯದೆಂದೇ ಎಣಿಸಬೇಕು. ಬದಲಿಸುವ ಅವಧಿ 60,000 ಮೈಲಿ. ಸಮಾಧಾನದ ಸಂಗತಿಯೆಂದರೆ 1.6 ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ವಾಲ್ವ್‌ಗೆ ಬಡಿಯುವುದಿಲ್ಲ, ಕಾರು ನಿಂತುಬಿಡುತ್ತದೆ ಅಷ್ಟೇ. ಹೆದ್ದಾರಿಯ ಮಧ್ಯದಲ್ಲಿ ನಿಲ್ಲುವುದು ಅಪಾಯವೇ, ಆದ್ದರಿಂದ ಮುಂದೂಡಬೇಡಿ. ಬೆಲ್ಟ್ ಬಿಚ್ಚದೆ ವಾಟರ್ ಪಂಪ್ ತೆಗೆಯಲಾಗುವುದಿಲ್ಲ, ಎರಡನ್ನೂ ಸೀಲ್‌ಗಳನ್ನೂ ಒಟ್ಟಿಗೆ ಮುಗಿಸಿ. ಕೈ ಹಾಕುವ ಮುನ್ನ ಕ್ರ್ಯಾಂಕ್ ಪುಲ್ಲಿಯನ್ನು (ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಮುಂದಿನ ತುದಿಯಲ್ಲಿರುವ ಗಾಲಿ) ಮುಂದಿನಿಂದ ನೋಡಿ ಅದರಲ್ಲಿರುವ ಸೀಳುಗಳನ್ನು ಎಣಿಸಿ. ಎಂಟಿದ್ದರೆ ಒಳ್ಳೆಯದು. ನಾಲ್ಕಿದ್ದರೆ ಅದು ಮೊದಲ ವರ್ಷಗಳ ಗಿಡ್ಡ ಮೂತಿಯ ಕ್ರ್ಯಾಂಕ್, ಅದರ ಮಾತು ಬೇರೆ. ಎಣಿಸಿ ಇಲ್ಲಿ ತಿಳಿಸಿ.

ರೇಡಿಯೇಟರ್‌ನ ಪ್ಲಾಸ್ಟಿಕ್ ತಲೆ ಕಂದು ಬಣ್ಣಕ್ಕೆ ತಿರುಗಿದ್ದರೆ ಒಡೆಯುವವರೆಗೆ ಕಾಯದೆ ಬದಲಿಸಿ. ಗೇರ್ ಬಾಕ್ಸ್‌ಗೆ 75ಡಬ್ಲ್ಯೂ-90, ಜಿಎಲ್-4 ದರ್ಜೆಯ ಆಯಿಲ್ ಹಾಕಿ. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ.

ಉಳಿದ ಹಣವೆಲ್ಲ ಟಯರಿಗೆ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, 2316 ಎಂದರೆ 2016ರ 23ನೇ ವಾರ. ಟಯರಿನ ಮೇಲ್ಮೈಯ ಗೀರು (ಟ್ರೆಡ್) ಎಷ್ಟೇ ಆಳವಿದ್ದರೂ ಹತ್ತು ವರ್ಷದ ರಬ್ಬರ್ ಕಲ್ಲಿನಂತೆ ಗಟ್ಟಿ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ನಿಮ್ಮ ಕಾರಿನ ಅಳತೆ 185/60 ಆರ್14. 15 ಇಂಚಿನ ಚಕ್ರದ ಆಸೆಗೆ ನನ್ನ ವಿರೋಧವಿಲ್ಲ, ಆ ಅಳತೆಯಲ್ಲಿ ಒಳ್ಳೆಯ ಟಯರ್‌ಗಳ ಆಯ್ಕೆ ಹೆಚ್ಚು. ಆದರೆ ಹಗುರ ಚಕ್ರ ನೋಡಿ, 195/50ಕ್ಕಿಂತ ಅಗಲ ಬೇಡ. ಕೊನೆಗೆ ಒಂದು ಒಳ್ಳೆಯ ಅಂಗಡಿಯಲ್ಲಿ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಅಲ್ಲಿ ಕೊಡುವ ಹಣಕ್ಕೆ ಸಿಗುವ ಬದಲಾವಣೆ ಯಾವ ಸೈಲೆನ್ಸರಿನಿಂದಲೂ ಸಿಗದು.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ)

ನನ್ನದೂ ಇದೇ ಕಾರು, 1992ರದ್ದು. ಬ್ರೇಕ್ ಪ್ಯಾಡ್ ಬದಲಿಸುತ್ತಿದ್ದೇನೆ. ಮುಂದಿನದು ಸುಲಭವಾಗಿ ಆಯಿತು, ಹಿಂದಿನ ಪಿಸ್ಟನ್ ಎಷ್ಟು ಒತ್ತಿದರೂ ಒಳಗೆ ಹೋಗುತ್ತಿಲ್ಲ.

ಉತ್ತರ

ದಯವಿಟ್ಟು ಒತ್ತುವುದನ್ನು ಈಗಲೇ ನಿಲ್ಲಿಸಿ. ಹಿಂದಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗೆ ಹ್ಯಾಂಡ್ ಬ್ರೇಕ್‌ಗಾಗಿ ಸ್ಕ್ರೂ ಇದೆ, ಒತ್ತಡ ಹಾಕಿದರೆ ಅದು ಮುರಿಯುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿ. ಕ್ಯಾಲಿಪರ್ ಹಿಂಭಾಗದಲ್ಲಿ ಮುಚ್ಚಳದಂತಿರುವ ಬೋಲ್ಟ್ ಬಿಚ್ಚಿದರೆ ಒಳಗೆ 4 ಮಿಲಿಮೀಟರ್ ಅಲನ್ ಕೀ ಕೂರುವ ಜಾಗವಿದೆ. ಅದನ್ನು ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಿದರೆ ಪಿಸ್ಟನ್ ತಾನಾಗಿ ಒಳಗೆ ಸರಿಯುತ್ತದೆ. ಹೊಸ ಪ್ಯಾಡ್ ಕೂರಿಸಿದ ಮೇಲೆ, ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ಗಡಿಯಾರದ ದಿಕ್ಕಿಗೆ ತಿರುಗಿಸಿ, ಸುತ್ತಿನ ಮೂರನೇ ಒಂದು ಭಾಗ ಹಿಂದಕ್ಕೆ ಬಿಡಿ. ಮುಚ್ಚಳದ ಬೋಲ್ಟ್ ಮರೆಯಬೇಡಿ. ಕಾರು ಹೊರಡಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ.

ಪ್ರಶ್ನೆ (ಆಸ್ಟಿನ್, ಟೆಕ್ಸಾಸ್)

ಖರ್ಚಿಲ್ಲದೆ ಸ್ವಲ್ಪ ಚುರುಕು ಹೆಚ್ಚಿಸಲು ಇಗ್ನಿಷನ್ ಟೈಮಿಂಗ್ (ಪಿಸ್ಟನ್ ತುದಿ ಮುಟ್ಟುವುದಕ್ಕೆ ಎಷ್ಟು ಮುಂಚೆ ಸ್ಪಾರ್ಕ್ ಬೀಳಬೇಕೆಂಬ ಲೆಕ್ಕ) ಬದಲಿಸಬಹುದು ಎನ್ನುತ್ತಾರೆ. ಮಾಡಬಹುದೇ?

ಉತ್ತರ

ಮಾಡಬಹುದು. ಕಾರ್ಖಾನೆಯ ಲೆಕ್ಕ 10 ಡಿಗ್ರಿ, ಅದನ್ನು 14ಕ್ಕೆ ಒಯ್ದರೆ ಕೆಳಗಿನ ವೇಗದಲ್ಲಿ ಎಳೆತ ಹೆಚ್ಚಿದ್ದು ಕಾಲಿಗೆ ತಿಳಿಯುತ್ತದೆ. ಎಂಜಿನ್ ಬಿಸಿ ಮಾಡಿ, ಲೈಟು, ಎ.ಸಿ., ಫ್ಯಾನ್ ಎಲ್ಲ ಆರಿಸಿ. ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಕಿಂಡಿಗಳನ್ನು ತಂತಿಯಿಂದ ಜೋಡಿಸಿ. ಹಾಗೆ ಮಾಡದೆ ಅಳೆದರೆ ಕಂಪ್ಯೂಟರ್ ತಾನೇ ಟೈಮಿಂಗ್ ಬದಲಿಸುತ್ತಿರುತ್ತದೆ, ಅಳತೆ ಸುಳ್ಳಾಗುತ್ತದೆ. ಐಡಲ್ (ಕಾರು ನಿಂತಿರುವಾಗ ಎಂಜಿನ್ ಓಡುವ ವೇಗ) ನಿಮಿಷಕ್ಕೆ 850 ಸುತ್ತಿನ ಸುಮಾರಿಗಿರಲಿ. ಸಿಲಿಂಡರ್ ಹೆಡ್‌ನ ಹಿಂಭಾಗದ ಕ್ಯಾಮ್ ಆ್ಯಂಗಲ್ ಸೆನ್ಸರ್‌ನ ಬೋಲ್ಟ್ ಸಡಿಲಿಸಿ, ಟೈಮಿಂಗ್ ಲೈಟ್ (ಸ್ಪಾರ್ಕ್ ಬಿದ್ದಾಗಲೆಲ್ಲ ಮಿಂಚುವ ದೀಪ) ಹಿಡಿದು ಕೂದಲೆಳೆಯಷ್ಟು ತಿರುಗಿಸಿ. ಆ ಸೆನ್ಸರ್‌ನ ಓ-ರಿಂಗ್ ಆಯಿಲ್ ಸೋರುವುದಕ್ಕೆ ಹೆಸರಾದದ್ದು, ಗಟ್ಟಿಯಾಗಿದ್ದರೆ ಇದೇ ಸಂದರ್ಭದಲ್ಲಿ ಬದಲಿಸಿ. ಏರಿನಲ್ಲಿ ಎಂಜಿನ್ ಕಟಕಟ ಎಂದರೆ ಉತ್ತಮ ಆಕ್ಟೇನ್ ಪೆಟ್ರೋಲ್ ಹಾಕಿ, ಇಲ್ಲವೇ ಹಿಂದಕ್ಕೆ ತನ್ನಿ. ಕ್ಯಾಲಿಫೋರ್ನಿಯಾದವರು ಕೈ ಹಾಕಬೇಡಿ. ಇಲ್ಲಿನ ಹೊಗೆ ತಪಾಸಣೆಯಲ್ಲಿ ಇಷ್ಟು ಹಳೆಯ ಕಾರುಗಳ ಟೈಮಿಂಗನ್ನೂ ನೋಡುತ್ತಾರೆ.

ಪ್ರಶ್ನೆ (ಅವರೇ)

ಹಾಗಾದರೆ ಮುಂದೆ ಟರ್ಬೊ?

ಉತ್ತರ

ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಒಂಟಿಯಾಗಿ ಬರುವುದಿಲ್ಲ. ಪೆಟ್ರೋಲ್ ಲೆಕ್ಕ ಹಾಕಲು ಬೇರೆ ಕಂಪ್ಯೂಟರ್, ದೊಡ್ಡ ರೇಡಿಯೇಟರ್, ಗಟ್ಟಿ ಕ್ಲಚ್ ಎಲ್ಲವೂ ಹಿಂದೆ ಬರುತ್ತವೆ. 1.6 ಕಾರಿನ ಡಿಫರೆನ್ಶಿಯಲ್ ಚಿಕ್ಕದು, ಅದು ಮೊದಲು ಮುರಿಯುತ್ತದೆ. 1994ರಿಂದ 1.8 ಎಂಜಿನ್ ಜೊತೆ ಮಜ್ದಾ ದೊಡ್ಡದನ್ನು ಹಾಕಿತು. ಇನ್ನೊಂದು ತೊಡಕು ತಂಪಿನದು. ಮುಂಚಕ್ರ ಎಳೆಯುವ ಕಾರಿನಲ್ಲಿ ಅಡ್ಡವಾಗಿ ಕೂರುತ್ತಿದ್ದ ಎಂಜಿನ್ ಕುಟುಂಬವಿದು. ಮಿಯಾಟಾಗೆ ಉದ್ದಕ್ಕೆ ಕೂರಿಸಿದಾಗ ಕೂಲೆಂಟ್ ಹೊರಬೀಳುವ ಬಾಯನ್ನು ಮುಂದಕ್ಕೆ ತಂದರು. ನೀರು ಮುಂದೆಯೇ ಒಳಗೆ ಹೋಗಿ ಮುಂದೆಯೇ ಹೊರಬರುತ್ತದೆ, ಹಿಂದಿನ ನಾಲ್ಕನೇ ಸಿಲಿಂಡರ್ ಹೆಚ್ಚು ಬಿಸಿಯಾಗುತ್ತದೆ. ದಿನನಿತ್ಯದ ಓಡಾಟಕ್ಕೆ ಇದು ತೊಂದರೆಯಲ್ಲ. ಟರ್ಬೊ ಹಾಕಿದರೆ ಆ ದಾರಿಯನ್ನೂ ಬದಲಿಸಬೇಕು. ಇಷ್ಟು ಹಣವಿದ್ದರೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿ, ಮಿಕ್ಕಿದ್ದರಲ್ಲಿ ರೇಸ್ ಟ್ರ್ಯಾಕಿನಲ್ಲಿ ಚಾಲನೆ ಕಲಿಯಿರಿ.

ಪ್ರಶ್ನೆ (ಹುಬ್ಬಳ್ಳಿ)

ಇಂಥ ಹಳೆಯ ಕಾರನ್ನು ಭಾರತಕ್ಕೆ ತರಿಸಬಹುದೇ?

ಉತ್ತರ

ಇಲ್ಲ. ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆಗಿರಬೇಕು. ನಮ್ಮಲ್ಲಿ ಮಜ್ದಾ ಎಂದರೆ ಹಿಂದೆ ಸ್ವರಾಜ್ ಮಜ್ದಾ ಮಿನಿ ಬಸ್ಸು, ಲಾರಿಗಳೇ ಆಗಿದ್ದವು.

ಪ್ರಶ್ನೆ (ಮಂಗಳೂರು)

ನನ್ನ ಬಳಿ 2014ರ ಪೋಲೊ ಜಿಟಿ ಟಿಎಸ್‌ಐ ಇದೆ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಲೇ?

ಉತ್ತರ

ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ. ಆ ಎಂಜಿನ್‌ನ ಟಾರ್ಕ್ (ತಿರುಗಿಸುವ ಬಲ) 175 ನ್ಯೂಟನ್ ಮೀಟರ್. ಅದರ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಸ್ವಯಂಚಾಲಿತ ಗೇರ್ ಬಾಕ್ಸ್) ಒಣ ಕ್ಲಚ್‌ನದು, ಮಿತಿ 250. ರೀಮ್ಯಾಪ್ ಆ ಅಂತರವನ್ನು ತಿನ್ನುತ್ತದೆ, ದಟ್ಟಣೆಯಲ್ಲಿ ತೆವಳುವಾಗ ಮೊದಲೇ ಬಿಸಿಯಾಗುವ ಕ್ಲಚ್ ಇನ್ನಷ್ಟು ಬೇಗ ಸವೆಯುತ್ತದೆ. ಕಾನೂನೂ ಇದೆ: ಮೋಟಾರು ವಾಹನ ಕಾಯಿದೆಯ 52ನೇ ಕಲಮು, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ.

ನಿಮಗೆ ಚಾರ್ಮಾಡಿ, ಶಿರಾಡಿ ಹತ್ತಿರವಿವೆ. ಬ್ರೇಕ್ ಆಯಿಲ್ ಬಗ್ಗೆ ಯೋಚಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ರವರೆಗೂ ಇಳಿಯಬಹುದು. ಕರಾವಳಿಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ, ಘಾಟಿ ಇಳಿಯುವಾಗ ಗೇರಿನಲ್ಲೇ ವೇಗ ತಗ್ಗಿಸಿ.

ಮರುಪ್ರಶ್ನೆ (ಸನ್ನಿವೇಲ್)

ಸರ್, ನೀರು ಹಾಕಿ ನೋಡಿದೆ, ಎಡಗಡೆ ಕಟ್ಟಿಕೊಂಡಿತ್ತು, ಬಿಡಿಸಿದೆ. ಪುಲ್ಲಿಯಲ್ಲಿ ಸೀಳುಗಳು ನಾಲ್ಕೇ ಇವೆ.

ಉತ್ತರ

ಗಾಬರಿ ಬೇಡ, ನಾಲ್ಕು ಸೀಳಿನ ಎಷ್ಟೋ ಕಾರುಗಳು ಇಂದಿಗೂ ಚೆನ್ನಾಗಿ ಓಡುತ್ತಿವೆ. ಮಧ್ಯದ ದೊಡ್ಡ ಬೋಲ್ಟ್ ಬಿಚ್ಚಿ ಸರಿಯಾದ ಬಿಗಿಗೆ ಕೂರಿಸದಿದ್ದಾಗ ಒಳಗಿನ ಕೀ (ಜಾರದಂತೆ ಹಿಡಿಯುವ ಚಿಕ್ಕ ಲೋಹದ ತುಂಡು) ಮತ್ತು ಅದು ಕೂರುವ ತೋಡು ಸವೆಯುತ್ತವೆ, ಆಗ ಟೈಮಿಂಗ್ ಜಾರುತ್ತದೆ, ಕಾರಿನ ಎಳೆತ ಕುಗ್ಗುತ್ತದೆ. ಆದ್ದರಿಂದ ನಿಮ್ಮ ಕಾರಿನ ಬೆಲ್ಟ್ ಕೆಲಸವೊಂದನ್ನು ಈ ಎಂಜಿನ್ ಬಲ್ಲ ಮೆಕ್ಯಾನಿಕ್‌ಗೆ ಕೊಡಿ, ಉಳಿದದ್ದೆಲ್ಲ ನೀವೇ ಮಾಡಿ. ಅದಕ್ಕೂ ಮೊದಲು ಎಂಜಿನ್ ಐಡಲ್‌ನಲ್ಲಿರುವಾಗ ಪುಲ್ಲಿಯನ್ನು ಪಕ್ಕದಿಂದ ನೋಡಿ, ಸಡಿಲವಾದ ಅಂಗಿ, ಕೈ, ಕೂದಲು ಬೆಲ್ಟಿನಿಂದ ದೂರವಿರಲಿ. ನೇರವಾಗಿ ತಿರುಗುತ್ತಿದ್ದರೆ ನಿಶ್ಚಿಂತೆ. ಒಂದು ಚೂರು ಓಲಾಡುತ್ತಿದ್ದರೂ ಓಡಿಸುವುದನ್ನು ನಿಲ್ಲಿಸಿ ವಿಡಿಯೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.