ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಏನು ಓದಿರಬೇಕು? ಅನುಭವ ಇರುವವರು ಹೇಳಿ

ಹೊಸನಗರದಿಂದ: ನನ್ನ ತಂಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಕನ್ನಡ ಮೀಡಿಯಂ. ನರ್ಸ್ ಆಗಬೇಕು ಅಂತ ಅವಳಿಗೆ ತುಂಬ ಆಸೆ. ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಮಾತ್ರ ಇದೆ. ಸೈನ್ಸ್ ಬೇಕಂದ್ರೆ ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಹಾಕಬೇಕು. ಆರ್ಟ್ಸ್ ಓದಿದರೂ ನಡೆಯುತ್ತೆ ಅಂತಾರೆ, ಹೌದಾ?

ತೀರ್ಥಹಳ್ಳಿಯಿಂದ, ಸ್ಟಾಫ್ ನರ್ಸ್: ಬಿಎಸ್ಸಿಗೆ ನಡೆಯಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಓದಿರಲೇಬೇಕು, ಇಂಗ್ಲಿಷ್ ಪಾಸಾಗಿರಬೇಕು. ಮೂರೂ ಸೇರಿ ಶೇ. 45, ಅಂದರೆ 300ಕ್ಕೆ 135. ಎಸ್‌ಸಿ, ಎಸ್‌ಟಿಯವರಿಗೆ ಶೇ. 40. ಬರೀ ಪಾಸಾದರೆ ಸಾಲದು ಅನ್ನೋದು ಎಷ್ಟೋ ಮನೆಯಲ್ಲಿ ರಿಸಲ್ಟ್ ಬಂದ ಮೇಲೇ ಗೊತ್ತಾಗೋದು. ಅದಕ್ಕೇ ತಂಗಿಗೆ ಮೊದಲ ದಿನದಿಂದಲೇ ಹೇಳಿ, ಲ್ಯಾಬ್ ತಪ್ಪಿಸಬೇಡ, ರೆಕಾರ್ಡ್ ಬಾಕಿ ಇಡಬೇಡ ಅಂತ. ಒಂದೊಂದು ವಿಷಯದಲ್ಲೂ ಪ್ರಾಕ್ಟಿಕಲ್‌ಗೇ 30 ಅಂಕ ಇದೆ.

ಕಾಂಬಿನೇಷನ್ ಬಹಳ ಕಡೆ ಪಿಸಿಎಂಬಿ, ಅಂದರೆ ಆ ಮೂರರ ಜೊತೆ ಮ್ಯಾಥ್ಸ್. ಸೀಟಿಗೆ ಮ್ಯಾಥ್ಸ್ ಬೇಕಿಲ್ಲ, ಆದರೆ ಲೆಕ್ಕ ಕಂಡರೆ ಹೆದರಬಾರದು. 500 ಎಂಎಲ್ ಡ್ರಿಪ್ 4 ಗಂಟೆಯಲ್ಲಿ ಹೋಗಬೇಕು ಅಂತ ಡಾಕ್ಟರ್ ಬರೆದಿರುತ್ತಾರೆ. ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ರಾತ್ರಿ ಡ್ಯೂಟಿಯಲ್ಲಿ, ಗಡಿಯಾರದ ಮುಳ್ಳು ನೋಡ್ತಾ ಹನಿ ಎಣಿಸುವಾಗ ಈ ಲೆಕ್ಕ ಬಾಯಲ್ಲೇ ಬರಬೇಕು.

ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ. ಮೊದಲ ಸೆಮಿಸ್ಟರ್‌ನಲ್ಲೇ ಅನಾಟಮಿ, ಫಿಸಿಯಾಲಜಿ ಬರುತ್ತೆ, ಎಲ್ಲ ಇಂಗ್ಲಿಷ್. ನಾನೂ ಕನ್ನಡ ಮೀಡಿಯಂ. ಪಿಯುಸಿ ಬಯಾಲಜಿ ಚಿತ್ರಗಳನ್ನು ಬರೆದು, ಭಾಗಗಳ ಹೆಸರನ್ನು ಸ್ಪೆಲ್ಲಿಂಗ್ ಸಮೇತ ಕಲಿತಿದ್ದೆ. ಅದು ಕೈ ಹಿಡಿಯಿತು. ನನ್ನ ಕೇಳಿದರೆ ಸಾಲ ಮಾಡಿಯಾದರೂ ಹಾಸ್ಟೆಲಿಗೆ ಹಾಕಿ ಅಂತೀನಿ.

ಸಾಗರದಿಂದ: ನಾನು ಆರ್ಟ್ಸ್ ಓದಿದವಳು. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ 3 ವರ್ಷ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ, ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ 2 ವರ್ಷ. ಜಿಎನ್‌ಎಂಗೆ ಪಿಯುಸಿಯಲ್ಲಿ ಶೇ. 40 ಮತ್ತು ಇಂಗ್ಲಿಷ್ ಬೇಕು. ಹಾಗಾಗಿ ನಿಮಗೆ ಹೇಳಿದವರದ್ದು ಪೂರ್ತಿ ಸುಳ್ಳಲ್ಲ, ಆದರೆ ನೇರ ಬಿಎಸ್ಸಿಗೆ 4 ವರ್ಷ, ಇದಕ್ಕೆ 5. ಜಿಎನ್‌ಎಂ ಮುಗಿದ ಕೂಡಲೇ ಕೆಲಸಕ್ಕೆ ಸೇರಬಹುದು, ನಮ್ಮ ಮನೆಗೆ ಆಗ ಅದೇ ಮುಖ್ಯವಾಗಿತ್ತು. ಆರ್ಟ್ಸ್ ಮುಗಿಸಿದ ಮೇಲೂ ನೇರ ಬಿಎಸ್ಸಿಯೇ ಬೇಕು ಅನಿಸಿದರೆ ಎನ್‌ಐಒಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ಸೈನ್ಸ್ ವಿಷಯ, ಇಂಗ್ಲಿಷ್ ಕಟ್ಟಿ ಪಾಸು ಮಾಡಬಹುದು. ಮನೆಯಲ್ಲೇ ಕೂತು ಕೆಮಿಸ್ಟ್ರಿ ಓದೋದು ಸುಲಭ ಅಲ್ಲ ಅಕ್ಕಾ.

ಶಿವಮೊಗ್ಗದಿಂದ: ಮಗಳಿಗೆ ಸೀಟು ಮಾಡಿಸಿದ ಅನುಭವದಿಂದ ಹೇಳ್ತೀನಿ. ಸರ್ಕಾರಿ ಸೀಟಿಗೆ ಸಿಇಟಿ ಬರೆಯಬೇಕು. ಒಂದೊಂದು ಪೇಪರಿಗೆ 60 ಪ್ರಶ್ನೆ, ತಪ್ಪಾದರೆ ಅಂಕ ಕಳೆಯಲ್ಲ, ಯಾವುದನ್ನೂ ಬಿಡಬೇಡಿ. ಹಳ್ಳಿ ಶಾಲೆ, ಕನ್ನಡ ಮೀಡಿಯಂ ಎರಡಕ್ಕೂ ಮೀಸಲಾತಿ ಇದೆ, 1ರಿಂದ 10ನೇ ಕ್ಲಾಸಿನವರೆಗೆ ಹಾಗೆ ಓದಿರಬೇಕು. ಆ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಈಗಲೇ ಮಾಡಿಸಿಡಿ, ಮಳೆಗಾಲದಲ್ಲಿ ಶಾಲೆಯಿಂದ ಶಾಲೆಗೆ ಓಡಾಡೋದು ಕಷ್ಟ. ಡಿಸೆಂಬರ್ 31ಕ್ಕೆ 17 ತುಂಬಿರಬೇಕು, ಹುಟ್ಟಿದ ದಿನ ನೋಡಿಕೊಳ್ಳಿ. ಸೀಟು ಕೊಡಿಸ್ತೀನಿ ಅಂತ ಬಂದವರ ಕೈಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ.