ಜೋರ್ಕಿ-1: ಫಿಲ್ಮ್ ಪೂರ್ತಿ ಇಳಿಯುತ್ತಿಲ್ಲ, ತೂತು ಹರಿಯುತ್ತಿದೆ

ಮೂಡಿಗೆರೆ ಮಳೆ:
ತೋಟದ ಮನೆಯ ಬೀರುವಿನಲ್ಲಿ ತಾತನ ಹಳೇ ಫಿಲ್ಮ್ ಕ್ಯಾಮೆರಾ ಜೋರ್ಕಿ-1 ಸಿಕ್ಕಿತು. ಶಟರ್ ಚೆನ್ನಾಗಿ ಓಡುತ್ತಿದೆ. ಆದರೆ ತಳದ ತಟ್ಟೆ ತೆಗೆದು ರೋಲ್ ಇಳಿಸಿದರೆ ಅರ್ಧಕ್ಕೇ ನಿಲ್ಲುತ್ತದೆ. ಒತ್ತಿ ಕೂರಿಸಿ ನಾಬ್ ತಿರುಗಿಸಿದರೆ ಬಿಗಿ. ಹೊರಗೆ ತೆಗೆದರೆ ಒಂದು ಅಂಚಿನ ತೂತೆಲ್ಲ ಕಿತ್ತುಹೋಗಿವೆ. ಲೆನ್ಸ್ ಬಿಚ್ಚಿ, ಶಟರ್ ತೆರೆದಿಟ್ಟು, ಬೆರಳಿನಿಂದ ಫಿಲ್ಮ್ ಸರಿಸು ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಹಾಸನದ ಹಳೇ ರೋಲ್:
ಬೆರಳು ಬೇಡ! ಕೈ ಜಾರಿದರೆ ಶಟರ್‌ನ ಬಟ್ಟೆಯ ಪರದೆ ಹೋಯಿತು, ಅದನ್ನು ಹಾಕಿಕೊಡುವವರು ನಮ್ಮ ಕಡೆ ಎಲ್ಲಿ ಸಿಗುತ್ತಾರೆ?

ಕ್ಯಾಮೆರಾದಲ್ಲಿ ದೋಷ ಇಲ್ಲ. ಫಿಲ್ಮಿನ ನಾಲಿಗೆ, ಅಂದರೆ ರೋಲಿನ ಶುರುವಿನಲ್ಲಿ ಕಿರಿದಾಗಿ ಕತ್ತರಿಸಿರುವ ತುದಿ, ಗಿಡ್ಡ, ಅಷ್ಟೇ. ಜೋರ್ಕಿ-1, ಫೆಡ್-1, ಹಳೇ ಲೈಕಾ III, ಎಲ್ಲ ಒಂದೇ ಮನೆತನ. ಹಿಂದೆ ಬಾಗಿಲಿಲ್ಲ, ಫಿಲ್ಮ್ ಕೆಳಗಿನಿಂದ ಸಣ್ಣ ಸಂದಿಯೊಳಗೆ ಜಾರಬೇಕು. ಈಗಿನ ರೋಲಿನ ನಾಲಿಗೆ ಸುಮಾರು 4 ಸೆಂ.ಮೀ. ಹಾಗಾಗಿ ಪೂರ್ತಿ ಅಗಲದ ಭಾಗ ಸಂದಿಯಲ್ಲೇ ತಡೆಯುತ್ತದೆ, ಹಲ್ಲಿನ ಚಕ್ರಕ್ಕೆ ಸರಿಯಾಗಿ ಕೂರುವುದಿಲ್ಲ.

ನಾಲಿಗೆಯನ್ನು 10 ಸೆಂ.ಮೀ.ಗೆ ಉದ್ದ ಮಾಡಿ. ಸ್ಕೇಲ್ ಬೇಕಿಲ್ಲ. ತೂತಿನಿಂದ ತೂತಿಗೆ 4.75 ಮಿ.ಮೀ., 21 ಎಣಿಸಿದರೆ ಆಯಿತು. ಕಂಪನಿಯವರು ಕತ್ತರಿಸಿದ ಬದಿಯನ್ನೇ ಮುಂದುವರಿಸಿ, ಕೊನೆಗೆ ನಿಧಾನವಾಗಿ ಬಳುಕಿಸಿ ಅಂಚಿಗೆ ತನ್ನಿ. ಕತ್ತರಿ ಎರಡು ತೂತುಗಳ ನಡುವೆ ಹೊರಬರಬೇಕು. ಅರ್ಧ ತೂತು ಉಳಿದರೆ ಅಲ್ಲಿಂದಲೇ ಹಳೇ ಪಂಚೆಯ ಹಾಗೆ ಹರಿಯುತ್ತದೆ. ಹರಿದ ಚೂರು ಒಳಗೆ ಬಿದ್ದರೆ ಶಟರ್‌ಗೂ ತಲೆನೋವು.

ಆಮೇಲೆ ಸುತ್ತುವ ಸ್ಪೂಲನ್ನು ಹೊರಗೆ ತೆಗೆದು, ನಾಲಿಗೆಯನ್ನು ಅದರ ಕ್ಲಿಪ್ಪಿಗೆ ಸಿಕ್ಕಿಸಿ, ಸ್ಪೂಲ್ ಮತ್ತು ಡಬ್ಬಿ ಎರಡನ್ನೂ ಒಟ್ಟಿಗೆ ಇಳಿಸಿ.

ಬೇಲೂರು ಕ್ಲಿಕ್:
ನಾನು ಕತ್ತರಿಸುವುದೇ ಇಲ್ಲ. ಸಂದಿಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ, ಅದರ ಮೇಲೆ ಫಿಲ್ಮ್ ಜಾರಿಸಿ, ಕಾರ್ಡ್ ಎಳೆದರೆ ಮುಗಿಯಿತು. ಹಳೇಬೀಡಿನಲ್ಲಿ ನಿಂತಲ್ಲೇ ರೋಲ್ ಬದಲಿಸುವಾಗ ಕತ್ತರಿ ಎಲ್ಲಿ ಹುಡುಕೋದು?

ಹಾಸನದ ಹಳೇ ರೋಲ್:
ಕೈ ಪಳಗಿದವರಿಗೆ ಸರಿ. ಹೊಸಬರಿಗೆ ಕತ್ತರಿಯೇ ವಾಸಿ. ಹೊರಡುವ ಮುಂಚೆ ಮನೆಯಲ್ಲೇ ಎಲ್ಲ ರೋಲಿನ ನಾಲಿಗೆ ಕತ್ತರಿಸಿಟ್ಟರೆ ಹಳೇಬೀಡಲ್ಲೂ ತೊಂದರೆ ಇಲ್ಲ.

ಮೂಡಿಗೆರೆ ಮಳೆ:
ಬೆಳಕಲ್ಲಿ ಅಷ್ಟುದ್ದ ಎಳೆದರೆ ಫಿಲ್ಮ್ ಹಾಳಾಗಲ್ವಾ?

ಹಾಸನದ ಹಳೇ ರೋಲ್:
ಹೊರಗೆ ಬಂದಷ್ಟು ಹೋಗುತ್ತದೆ. ಶುರುವಿನ ಒಂದೆರಡು ಫ್ರೇಮ್ ಹೇಗೂ ಸುಮ್ನೆ ಸುತ್ತಿಬಿಡುತ್ತೇವೆ, ಜಾಸ್ತಿ ನಷ್ಟ ಇಲ್ಲ. ನೆರಳಲ್ಲಿ ಮಾಡಿ. ಮೊದಲು ಆ ಹರಿದ ರೋಲಿನಲ್ಲೇ, ಹಾಳಾದ ತುದಿ ಕತ್ತರಿಸಿ ಬಿಸಾಕಿ, ಅಭ್ಯಾಸ ಮಾಡಿ.

ಮೂಡಿಗೆರೆ ಮಳೆ:
ಮಾಡಿದೆ, ಸಲೀಸಾಗಿ ಇಳಿಯಿತು! ಆದರೆ ಫಿಲ್ಮ್ ನಿಜಕ್ಕೂ ಓಡುತ್ತಿದೆ ಅಂತ ಗೊತ್ತಾಗೋದು ಹೇಗೆ?

ಬೇಲೂರು ಕ್ಲಿಕ್:
ತಟ್ಟೆ ಮುಚ್ಚಿದ ಮೇಲೆ ರೀವೈಂಡ್ ನಾಬನ್ನು (ಫಿಲ್ಮನ್ನು ಡಬ್ಬಿಗೆ ವಾಪಸ್ ಸುತ್ತುವ ನಾಬ್) ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ, ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ. ಈಗ ವೈಂಡ್ ಮಾಡುವಾಗ ಆ ನಾಬ್ ತಾನಾಗಿ ಉಲ್ಟಾ ತಿರುಗಿದರೆ ಫಿಲ್ಮ್ ಓಡುತ್ತಿದೆ. ತಿರುಗದಿದ್ದರೆ ಫೋಟೋ ತೆಗೆಯಬೇಡಿ, ತಟ್ಟೆ ಬಿಚ್ಚಿ ನಾಲಿಗೆ ಕ್ಲಿಪ್ಪಿನಿಂದ ಕಳಚಿದೆಯಾ ನೋಡಿ.